ಕೋಷರ್ ಮನೆಗೆ ಬಿರಿಯಾನಿ ಒಯ್ಯುವ ಮುನ್ನ: ಯಹೂದಿ ಮತ್ತು ಮುಸ್ಲಿಂ ಗೆಳತಿಯರು ಎಡವುವುದು ಎಲ್ಲಿ?

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಕೋನಿ ಐಲೆಂಡ್ ಅವೆನ್ಯೂ ಉದ್ದನೆಯ ರಸ್ತೆ. ಅದರ ಒಂದು ಭಾಗದಲ್ಲಿ ಪಾಕಿಸ್ತಾನಿ ಕಿರಾಣಿ ಅಂಗಡಿಗಳು, ಹಲಾಲ್ ಮಾಂಸದಂಗಡಿಗಳು, ಮಸೀದಿ. ಅಲ್ಲಿಂದ ಕೆಲವೇ ಬೀದಿ ದಾಟಿದರೆ ಮಿಡ್‌ವುಡ್‌ನ ಸಂಪ್ರದಾಯಸ್ಥ ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳು, ಕೋಷರ್, ಅಂದರೆ ಯಹೂದಿ ಧರ್ಮದ ಆಹಾರನಿಯಮ ಪಾಲಿಸುವ, ಬೇಕರಿಗಳು. ನ್ಯೂಜೆರ್ಸಿಯ ಟೀನೆಕ್‌ನಲ್ಲೂ ಎರಡು ಸಮುದಾಯಗಳು ಹೀಗೇ ಅಕ್ಕಪಕ್ಕ ಬದುಕುತ್ತಿವೆ. ಇಂಥ ಊರುಗಳ ಶಾಲೆ, ಆಸ್ಪತ್ರೆ, ಕಚೇರಿಗಳಲ್ಲಿ ಒಬ್ಬ ಯಹೂದಿ ಹೆಣ್ಣುಮಗಳೂ ಒಬ್ಬ ಮುಸ್ಲಿಂ ಹೆಣ್ಣುಮಗಳೂ ಪರಿಚಯವಾದರೆ ಸ್ನೇಹ ಬೇಗ ಕುದುರುತ್ತದೆ. ಮೈತುಂಬ ಬಟ್ಟೆ, ಹಂದಿಮಾಂಸ ಮುಟ್ಟದಿರುವುದು, ಗಂಡಸರ ಕೈ ಕುಲುಕದಿರುವುದು, ಮದುವೆಯಲ್ಲಿ ಮನೆಯವರ ಪಾತ್ರ, ಇವನ್ನೆಲ್ಲ ಉಳಿದ ಸಹೋದ್ಯೋಗಿಗಳಿಗೆ ವಿವರಿಸಿ ವಿವರಿಸಿ ಸಾಕಾಗಿರುತ್ತದೆ. ಇವಳಿಗೆ ವಿವರಿಸುವುದೇ ಬೇಕಿಲ್ಲ.

ತೊಂದರೆ ಹುಟ್ಟುವುದೂ ಅಲ್ಲಿಂದಲೇ. ಆಚಾರ ಪೂರಾ ಬೇರೆ ಇದ್ದಲ್ಲಿ ಇಬ್ಬರೂ ಕೇಳಿ ತಿಳಿದುಕೊಳ್ಳುತ್ತಾರೆ. ಒಂದೇ ಥರ ಕಂಡಲ್ಲಿ ಯಾರೂ ಕೇಳುವುದಿಲ್ಲ. ಹಾಗಾಗಿ ಈ ಸ್ನೇಹ ನೋಯುವುದು ಹೆಚ್ಚಾಗಿ ಹೋಲಿಕೆ ಇರುವ ಜಾಗಗಳಲ್ಲೇ: ಊಟ, ಉಪವಾಸ, ತಲೆವಸ್ತ್ರ. ಮುಂದೆ ಹೇಳಿರುವುದು ಆಚಾರ ಪಾಲಿಸುವ ಮನೆಗಳ ಮಾತು. ಎರಡೂ ಕಡೆ ಪಾಲಿಸದವರಿದ್ದಾರೆ, ಅರೆಬರೆ ಪಾಲಿಸುವವರಿದ್ದಾರೆ, ಪಂಗಡದಿಂದ ಪಂಗಡಕ್ಕೆ ಪದ್ಧತಿಯೂ ಬದಲಾಗುತ್ತದೆ. “ನಿಮ್ಮ ಮನೆಯಲ್ಲಿ ಹೇಗೆ?” ಎಂದು ಕೇಳಿಯೇ ಮುಂದುವರಿಯಬೇಕು.

ಊಟದ ವಿಷಯ

“ಕೋಷರ್ ಅಂದರೆ ಹಲಾಲ್ ಇದ್ದ ಹಾಗೆ” ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಅದು ಒಂದು ದಿಕ್ಕಿಗೆ ಅರ್ಧ ನಿಜ, ಇನ್ನೊಂದು ದಿಕ್ಕಿಗೆ ಪೂರ್ತಿ ತಪ್ಪು.

ಕುರಾನಿನ 5ನೇ ಅಧ್ಯಾಯದ 5ನೇ ವಚನ ಗ್ರಂಥದವರ (ಅಂದರೆ ಯಹೂದಿ, ಕ್ರೈಸ್ತರ) ಆಹಾರ ನಿಮಗೆ ಸಮ್ಮತ ಎನ್ನುತ್ತದೆ. ಆ ಆಧಾರದ ಮೇಲೆ ಬಹಳಷ್ಟು ಮುಸ್ಲಿಮರು ಕೋಷರ್ ಮಾಂಸ ತಿನ್ನುತ್ತಾರೆ. ಕೆಲವರು ಒಪ್ಪುವುದಿಲ್ಲ. ಹಲಾಲ್ ಕ್ರಮದಲ್ಲಿ ಪ್ರತಿ ಪ್ರಾಣಿಯ ಮೇಲೂ ಅಲ್ಲಾಹನ ಹೆಸರು ಹೇಳಬೇಕು, ಯಹೂದಿ ಕೊಯ್ಯುವವನು ಕೆಲಸದ ಆರಂಭದಲ್ಲಿ ಒಮ್ಮೆ ಮಾತ್ರ ಪ್ರಾರ್ಥನೆ ಹೇಳುತ್ತಾನೆ ಎಂಬುದು ಅವರ ಆಕ್ಷೇಪ. ಇನ್ನು ಹಲಾಲ್ ಮಾಂಸ ಯಾವ ಲೆಕ್ಕದಲ್ಲೂ ಕೋಷರ್ ಆಗುವುದಿಲ್ಲ. ತರಬೇತಿ ಪಡೆದ ಯಹೂದಿಯೇ ಕೊಯ್ದಿರಬೇಕು, ಶ್ವಾಸಕೋಶದಲ್ಲಿ ದೋಷವಿಲ್ಲವೆಂದು ಪರೀಕ್ಷಿಸಿರಬೇಕು, ಹಿಂಗಾಲಿನ ನರ ಮತ್ತು ಕೆಲವು ಬಗೆಯ ಕೊಬ್ಬು ತೆಗೆದಿರಬೇಕು. ಆಮೇಲೆ ಅರ್ಧ ಗಂಟೆ ನೀರಲ್ಲಿ ನೆನೆಸಿ, ಒಂದು ಗಂಟೆ ಉಪ್ಪು ಹಚ್ಚಿಟ್ಟು, ಮೂರು ಸಲ ತೊಳೆದು ರಕ್ತ ತೆಗೆಯಬೇಕು.

ಬೆಂಗಳೂರು ಕಡೆಯ ಮುಸ್ಲಿಂ ಹೆಣ್ಣುಮಗಳೊಬ್ಬಳು ನ್ಯೂಜೆರ್ಸಿಯಲ್ಲಿದ್ದಾಳೆ, ಯಹೂದಿ ಗೆಳತಿಯ ಮನೆಗೆ ಪ್ರೀತಿಯಿಂದ ಬಿರಿಯಾನಿ ಒಯ್ಯುತ್ತಾಳೆ ಎಂದಿಟ್ಟುಕೊಳ್ಳಿ. ಗೆಳತಿ ಅದನ್ನು ತಿನ್ನಲಾರಳು. ಮಾಂಸ ಕೋಷರ್ ಅಲ್ಲ. ಕೋಷರ್ ಮಾಂಸವನ್ನೇ ತಂದು ಮಾಡಿದ್ದರೂ ಅದಕ್ಕೆ ಮೊಸರು, ತುಪ್ಪ ಬಿದ್ದಿದೆ, ಮಾಂಸ ಮತ್ತು ಹಾಲಿನ ಪದಾರ್ಥ ಕೂಡಿಸುವಂತಿಲ್ಲ. ಅವೆರಡನ್ನೂ ಬಿಟ್ಟು ಮಾಡಿದ್ದರೂ ಬೇಯಿಸಿದ ಪಾತ್ರೆಯಲ್ಲಿ ಹಿಂದೆ ಕೋಷರ್ ಅಲ್ಲದ ಮಾಂಸ ಬೆಂದಿದೆ. ಹೊಸ ಪಾತ್ರೆ ತಂದಿದ್ದರೂ ನಾಲ್ಕನೆಯ ತೊಡಕು ಉಳಿಯುತ್ತದೆ, ಅದು ಎಷ್ಟೋ ಮಂದಿಗೆ ಗೊತ್ತೇ ಇರುವುದಿಲ್ಲ: ಅನ್ನದಂಥ, ಹಸಿಯಾಗಿ ತಿನ್ನಲಾಗದ ಮುಖ್ಯ ಅಡುಗೆಯನ್ನು ಯಹೂದಿಯಲ್ಲದವರು ಒಬ್ಬರೇ ಬೇಯಿಸಿದ್ದರೆ ಆಚಾರಸ್ಥರು ತಿನ್ನುವುದಿಲ್ಲ.

ಇದಕ್ಕೆ ಪರಿಹಾರವಿದೆ, ಚೆನ್ನಾಗಿಯೂ ಇದೆ. ಗೆಳತಿಯ ಅಡುಗೆಮನೆಯಲ್ಲೇ, ಅವಳ ಮಾಂಸದಡುಗೆಯ ಪಾತ್ರೆಯಲ್ಲೇ, ಇಬ್ಬರೂ ಸೇರಿ ಮಾಡುವುದು. ಒಲೆಯನ್ನು ಅವಳೇ ಹಚ್ಚಬೇಕು. ಪೂರ್ವ ಯುರೋಪಿನ ಮೂಲದ ಅಶ್ಕೆನಾಜಿ ಮನೆಯಾದರೆ ಅಷ್ಟು ಸಾಕು. ಮೊರಾಕೊ, ಇರಾಕ್, ಸಿರಿಯಾ ಮೂಲದ ಸೆಫಾರ್ದಿ ಪದ್ಧತಿಯ ಮನೆಯಾದರೆ ಪಾತ್ರೆಯನ್ನು ಉರಿಯ ಮೇಲೆ ಇಡುವುದೂ ಅವಳದೇ ಕೈಯಾಗಬೇಕು.

ಒಂದು ಕಿಲೋ ಕೋಷರ್ ಕೋಳಿಗೆ ಒಂದು ಕಪ್ ಮೊಸರು ಹಾಕುವವರು ಅದರ ಬದಲು ಮುಕ್ಕಾಲು ಕಪ್ ಗಟ್ಟಿ ತೆಂಗಿನ ಹಾಲು ಬಳಸಬಹುದು. ಹುಳಿಗೆ ಎರಡು ದೊಡ್ಡ ಚಮಚ ನಿಂಬೆರಸ. ಅದನ್ನು ನೆನೆಸುವಾಗ ಮಾಂಸಕ್ಕೆ ಹಚ್ಚಿ, ತೆಂಗಿನ ಹಾಲನ್ನು ಮಸಾಲೆ ಬಾಡಿದ ಮೇಲೆ ಸಣ್ಣ ಉರಿಯಲ್ಲಿ ಸೇರಿಸಬೇಕು. ಎರಡನ್ನೂ ಒಟ್ಟಿಗೆ ಹಾಕಿ ಜೋರಾಗಿ ಕುದಿಸಿದರೆ ಹಾಲು ಒಡೆಯುತ್ತದೆ. ತುಪ್ಪದ ಜಾಗಕ್ಕೆ ಎಣ್ಣೆ. ಕೋಷರ್ ಮಾಂಸ ಉಪ್ಪು ಹಚ್ಚಿಯೇ ಬಂದಿರುವುದರಿಂದ ಉಪ್ಪನ್ನು ಮೊದಲು ಅರ್ಧದಷ್ಟೇ ಹಾಕಿ, ರುಚಿ ನೋಡಿ ಸೇರಿಸಿ. ಮಾಮೂಲಿನಷ್ಟೇ ಹಾಕಿದರೆ ಬಾಯಿಗಿಡಲಾಗದು. ಇಡೀ ಏಲಕ್ಕಿ, ಲವಂಗ, ಚಕ್ಕೆಗೆ ಸಾಮಾನ್ಯವಾಗಿ ತಕರಾರಿಲ್ಲ, ಪ್ಯಾಕೆಟ್ಟಿನ ಮಸಾಲೆಪುಡಿಗೆ ಮಾತ್ರ ಕೋಷರ್ ಮುದ್ರೆ ಬೇಕು. ಪುದೀನ, ಕೊತ್ತಂಬರಿಯನ್ನು ಚೆನ್ನಾಗಿ ತೊಳೆದು ಎಲೆಎಲೆಯಾಗಿ ಬೆಳಕಿಗೆ ಹಿಡಿದು ನೋಡಬೇಕು. ಕಣ್ಣಿಗೆ ಕಾಣುವ ಒಂದು ಪುಟ್ಟ ಹುಳ ಹಂದಿಮಾಂಸದಷ್ಟೇ ನಿಷಿದ್ಧ. ಜೊತೆಗೆ ಮೊಸರುಬಜ್ಜಿ ಬೇಡ, ಸೌತೆಕಾಯಿ ಕೋಸಂಬರಿ ಇರಲಿ. ಊಟದ ಕೊನೆಗೆ ಐಸ್‌ಕ್ರೀಮ್ ಕೂಡ ಇಲ್ಲ, ಏಕೆಂದರೆ ಮಾಂಸ ತಿಂದ ಮೇಲೆ ಹಾಲಿನ ಪದಾರ್ಥಕ್ಕೆ ಬಹುಪಾಲು ಮನೆಗಳಲ್ಲಿ ಆರು ಗಂಟೆ ಕಾಯುತ್ತಾರೆ.

ಇದರೊಳಗೆ ಒಂದು ಸೂಕ್ಷ್ಮವಿದೆ. ಮಾಂಸದ ಜೊತೆ ಬಾದಾಮಿ ಹಾಲು ಬಡಿಸುವಾಗ ನೋಡಿದವರು ದನದ ಹಾಲೆಂದು ತಪ್ಪು ತಿಳಿಯದಿರಲಿ ಎಂದು ಪಕ್ಕದಲ್ಲಿ ಬಾದಾಮಿ ಇಡಬೇಕೆಂದು ಯಹೂದಿ ಧರ್ಮಶಾಸ್ತ್ರ ಹೇಳುತ್ತದೆ. ತೆಂಗಿನ ಹಾಲಿನ ಅಡುಗೆಯ ಮೇಲೆ ನಾಲ್ಕು ತೆಂಗಿನ ಚೂರು ಉದುರಿಸಿದರೆ ಅದೇ ಕೆಲಸ ಆಗುತ್ತದೆ. ಕರಾವಳಿಯ ಬ್ಯಾರಿ ಅಡುಗೆ ಬಲ್ಲವರಿಗೆ ಇದೆಲ್ಲ ಇನ್ನೂ ಸುಲಭ. ತೆಂಗಿನ ಹಾಲಿನ ಸಾರು, ಅಕ್ಕಿ ರೊಟ್ಟಿಯಂಥ ಅಡುಗೆಗಳಲ್ಲಿ ಹಾಲು, ಮೊಸರು ಮೊದಲೇ ಇರುವುದಿಲ್ಲ.

ಈಗ ಎದುರು ದಿಕ್ಕು. ಯಹೂದಿ ಗೆಳತಿಯ ಮನೆಯ ಅಡುಗೆಗೆ ಕೋಷರ್ ಮುದ್ರೆ ಇದ್ದ ಮಾತ್ರಕ್ಕೆ ಮುಸ್ಲಿಂ ಅತಿಥಿ ನಿಶ್ಚಿಂತೆಯಿಂದ ತಿನ್ನಬಹುದೆಂದಲ್ಲ. ಕೋಷರ್‌ನಲ್ಲಿ ಮದ್ಯಕ್ಕೆ ತಡೆಯಿಲ್ಲ. ಮಾಂಸದ ಸಾರಿಗೆ ವೈನ್, ಕೇಕಿಗೆ ರಮ್ ಬಿದ್ದಿರಬಹುದು. ಅಮೆರಿಕದ ನಿಯಮದಂತೆ ವೆನಿಲಾ ಎಕ್ಸ್‌ಟ್ರ್ಯಾಕ್ಟ್‌ನಲ್ಲೇ ಕನಿಷ್ಠ ಶೇಕಡ 35 ಆಲ್ಕೋಹಾಲ್ ಇರುತ್ತದೆ. ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬಾತ್ ಆರಂಭವಾಗುವ ಶುಕ್ರವಾರ ರಾತ್ರಿಯ ಊಟ ಶುರುವಾಗುವುದೇ ವೈನ್ ಬಟ್ಟಲು ಹಿಡಿದು ಹೇಳುವ ಪ್ರಾರ್ಥನೆಯಿಂದ. ಮದ್ಯ ಇಟ್ಟ ಮೇಜಿಗೆ ಕೂರಲೇಬಾರದೆಂದು ಪಾಲಿಸುವ ಮುಸ್ಲಿಮರಿದ್ದಾರೆ. ಅತಿಥೇಯಳು ಆ ಪ್ರಾರ್ಥನೆಗೆ ದ್ರಾಕ್ಷಿರಸ ಬಳಸಬಹುದು, ಧರ್ಮಶಾಸ್ತ್ರದಲ್ಲಿ ಅದಕ್ಕೆ ಪೂರ್ತಿ ಅವಕಾಶವಿದೆ. ಆ ದ್ರಾಕ್ಷಿರಸವನ್ನು ಮುಸ್ಲಿಂ ಗೆಳತಿಯೇ ತರುವುದಾದರೆ ಸೀಲ್ ಒಡೆಯದ, ಕೋಷರ್ ಮುದ್ರೆಯ, “ಮೆವುಶಾಲ್” ಎಂದು ಬರೆದ ಬಾಟಲಿ ನೋಡಿ ತರಬೇಕು. ಅಂದರೆ ಕಾಯಿಸಿದ್ದು. ಕಾಯಿಸದ ದ್ರಾಕ್ಷಿರಸವನ್ನು ಯಹೂದಿಯಲ್ಲದವರು ಬಗ್ಗಿಸಿದರೆ ಆಚಾರಸ್ಥರು ಕುಡಿಯುವುದಿಲ್ಲ.

ಮುದ್ರೆ ಓದುವಾಗಲೂ ಎಚ್ಚರ ಬೇಕು. ವೃತ್ತದೊಳಗಿನ ಯು ಅಕ್ಷರ ತುಂಬ ಪ್ರಚಲಿತವಾದ ಕೋಷರ್ ಗುರುತು. ಅದರ ಪಕ್ಕ ಡಿ ಇದ್ದರೆ ಹಾಲಿನದು. ಪಿ ಇದ್ದರೆ “ಪಾರ್ವೆ”, ಅಂದರೆ ಹಾಲೂ ಅಲ್ಲದ ಮಾಂಸವೂ ಅಲ್ಲದ ಪದಾರ್ಥ ಎಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ, ಅದು ಯಹೂದಿಗಳ ಪೆಸಾಹ್ (ಪಾಸ್‌ಓವರ್) ಹಬ್ಬಕ್ಕೆ ಯೋಗ್ಯವೆಂಬ ಗುರುತು.

ಮುಸ್ಲಿಂ ಮನೆಗೆ ಬಂದ ಯಹೂದಿ ಗೆಳತಿಗೆ ಏನು ಕೊಡಬಹುದು? ಹೆಚ್ಚದ ಇಡೀ ಹಣ್ಣು, ಕೋಷರ್ ಮುದ್ರೆಯ ಪ್ಯಾಕೆಟ್ ತಿಂಡಿ, ಕಾಗದದ ತಟ್ಟೆ, ಕಾಗದದ ಲೋಟ. ನೀರು ಕಾಯಿಸಲಿಕ್ಕೆ ಮಾತ್ರ ಇಟ್ಟ ಕೆಟಲ್‌ನ ಬಿಸಿನೀರಲ್ಲಿ ಕಪ್ಪು ಟೀ. ಕೋಷರ್ ಹೋಟೆಲಿನಿಂದ ಊಟ ತರಿಸಿದ್ದರೆ ಅದನ್ನು ಎರಡು ಪದರ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಭದ್ರವಾಗಿ ಸುತ್ತಿ ನಿಮ್ಮ ಓವನ್ನಿನಲ್ಲಿ ಬಿಸಿ ಮಾಡಬಹುದು. ಈರುಳ್ಳಿ, ನಿಂಬೆಯನ್ನು ಮನೆಯ ಚಾಕುವಿನಿಂದ ಹೆಚ್ಚಿಕೊಡಬೇಡಿ, ಖಾರ ಮತ್ತು ಹುಳಿಯ ಪದಾರ್ಥಗಳು ಚಾಕುವಿನ ಅಂಶ ಹೀರುತ್ತವೆ ಎಂಬುದು ಅವರ ನಿಯಮ. ಉಡುಗೊರೆಯಾಗಿ ಗಾಜಿನ ಬೋಗುಣಿ ಕೊಟ್ಟರೆ ಅವಳು ಅದನ್ನು ಕೂಡಲೇ ಬಳಸದಿದ್ದರೆ ಬೇಸರಿಸಬೇಡಿ. ಯಹೂದಿಯಲ್ಲದವರಿಂದ ಬಂದ ಗಾಜು, ಲೋಹದ ಪಾತ್ರೆಯನ್ನು ಮಿಕ್ವೆ ಎಂಬ ಸ್ನಾನಕೊಳದಲ್ಲಿ ಮುಳುಗಿಸಿದ ಮೇಲೆಯೇ ಬಳಸುವುದು.

ಶುಕ್ರವಾರ, ಪಂಚಾಂಗ, ಉಪವಾಸ

ಶುಕ್ರವಾರ ಇಬ್ಬರಿಗೂ ದೊಡ್ಡ ದಿನ, ಅದಕ್ಕೇ ಭೇಟಿಗೆ ಕೆಟ್ಟ ದಿನ. ಜುಮಾ ನಮಾಜು ಮಧ್ಯಾಹ್ನ. ಶಬ್ಬಾತ್ ದೀಪ ಹಚ್ಚುವುದು ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ, ಡಿಸೆಂಬರ್‌ನ ನ್ಯೂಯಾರ್ಕಿನಲ್ಲಿ ಅದು ಸಂಜೆ ನಾಲ್ಕು ಗಂಟೆಯ ಆಸುಪಾಸಿಗೇ ಬಂದುಬಿಡುತ್ತದೆ. ಅಲ್ಲಿಂದ ಸುಮಾರು 25 ಗಂಟೆ ಫೋನಿಲ್ಲ, ಕಾರಿಲ್ಲ, ಅಡುಗೆಯಿಲ್ಲ, ಸ್ವಿಚ್ ಒತ್ತುವಂತಿಲ್ಲ. ವಾಟ್ಸ್ಆ್ಯಪ್‌ಗೆ ಉತ್ತರ ಬರುವುದು ಶನಿವಾರ ಕತ್ತಲಾದ ಮೇಲೆಯೇ.

ಶುಕ್ರವಾರ ರಾತ್ರಿಯ ಊಟಕ್ಕೆ ಕರೆ ಬಂದರೆ ಹೋಗಿ, ಅದು ಆತ್ಮೀಯರಿಗಷ್ಟೇ ಸಿಗುವ ಗೌರವ. ಬೆಲ್ ಒತ್ತದೆ ಬಾಗಿಲು ತಟ್ಟಿ. ಮೊಬೈಲನ್ನು ಸೈಲೆಂಟ್ ಮಾಡಿ ಚೀಲದಲ್ಲೇ ಬಿಡಿ. ಬಚ್ಚಲುಮನೆಯ ದೀಪವನ್ನು ಅಭ್ಯಾಸಬಲದಿಂದ ಆರಿಸಿ ಬಂದರೆ ಮನೆಮಂದಿಯೆಲ್ಲ ಮರುದಿನ ರಾತ್ರಿಯವರೆಗೆ ಅಲ್ಲಿ ಕತ್ತಲಲ್ಲೇ ಇರಬೇಕಾಗುತ್ತದೆ, “ಮತ್ತೆ ಹಾಕಿಬಿಡು” ಎಂದು ನೇರವಾಗಿ ಕೇಳಲೂ ಅವರಿಗೆ ಅವಕಾಶವಿಲ್ಲ. ನಮಾಜಿಗೆ ಚಿತ್ರಪಟಗಳಿಲ್ಲದ ಮೂಲೆಯೊಂದನ್ನು ಮುಂಚೆಯೇ ಕೇಳಿಟ್ಟುಕೊಳ್ಳಿ. ನ್ಯೂಯಾರ್ಕಿನಿಂದ ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು, ಈಶಾನ್ಯಕ್ಕೆ, ಉತ್ತರದಿಂದ ಸುಮಾರು 58 ಡಿಗ್ರಿಗೆ ಬೀಳುತ್ತದೆ. ಇನ್ನು ಇಬ್ಬರಿಗೂ ಬಿಡುವಾಗಿ ಸಿಗುವ ದಿನವೆಂದರೆ ಭಾನುವಾರ.

ಎರಡೂ ಪಂಚಾಂಗಗಳ ತಿಂಗಳು ಚಂದ್ರನ ಲೆಕ್ಕದ್ದು. ಯಹೂದಿ ಪಂಚಾಂಗ ನಮ್ಮ ಚಾಂದ್ರಮಾನದ ಹಾಗೆ: 19 ವರ್ಷದಲ್ಲಿ 7 ಅಧಿಕಮಾಸ ಸೇರಿಸಿ ಹಬ್ಬಗಳನ್ನು ಋತುವಿಗೆ ಕಟ್ಟಿಹಾಕುತ್ತದೆ. ಇಸ್ಲಾಮೀ ಪಂಚಾಂಗದಲ್ಲಿ ಅಧಿಕಮಾಸವಿಲ್ಲ, ಹಾಗಾಗಿ ರಂಜಾನ್ ಪ್ರತಿ ವರ್ಷ 10–11 ದಿನ ಹಿಂದೆ ಸರಿಯುತ್ತದೆ. 2022, 2023ರಲ್ಲಿ ರಂಜಾನ್ ತಿಂಗಳ ಒಳಗೇ ಪೆಸಾಹ್ ಬಂದಿತ್ತು. ಅಂಥ ವರ್ಷ ಇಫ್ತಾರ್‌ಗೆ ಯಹೂದಿ ಗೆಳತಿಯನ್ನು ಕರೆದರೆ ಸಮೋಸಾ ಇಡುವಂತಿಲ್ಲ. ಪೆಸಾಹ್‌ನ ಎಂಟು ದಿನ ಗೋಧಿ, ಬಾರ್ಲಿ, ಓಟ್ಸ್ ಸೇರಿದಂತೆ ಐದು ಧಾನ್ಯಗಳ ಉಬ್ಬಿದ ಪದಾರ್ಥ ಮನೆಯಲ್ಲಿ ಇಟ್ಟುಕೊಳ್ಳುವುದೂ ನಿಷಿದ್ಧ. ಅಶ್ಕೆನಾಜಿಗಳು ಅಕ್ಕಿ, ಬೇಳೆಯನ್ನೂ ಬಿಡುತ್ತಾರೆ. ಖರ್ಜೂರ, ನೀರು, ಇಡೀ ಹಣ್ಣು ಇಟ್ಟರೆ ನಿರಾಳ.

ಮೊರಾಕೊದಲ್ಲಿ ಇದೇ ಸಂದರ್ಭಕ್ಕೆ ಒಂದು ಸೊಗಸಾದ ಪದ್ಧತಿಯಿತ್ತು. ಪೆಸಾಹ್ ಮುಗಿದ ರಾತ್ರಿ ಯಹೂದಿ ಮನೆಗಳಲ್ಲಿ ಚಿಟಿಕೆ ಹಿಟ್ಟೂ ಇರುತ್ತಿರಲಿಲ್ಲ. ಮುಸ್ಲಿಂ ನೆರೆಯವರು ಹಿಟ್ಟು, ಹಾಲು, ಬೆಣ್ಣೆ, ಜೇನು ತಂದುಕೊಡುತ್ತಿದ್ದರು. ಯಹೂದಿ ಹೆಂಗಸರು ಅದರಿಂದ ಮೊಫ್ಲೆಟ್ಟಾ ಎಂಬ ತೆಳು ರೊಟ್ಟಿ ಸುಟ್ಟು, ತಂದವರಿಗೂ ಬಡಿಸುತ್ತಿದ್ದರು. ಮಿಮೌನಾ ಎಂಬ ಆ ಹಬ್ಬ ಇಂದಿಗೂ ಇದೆ. ನಮ್ಮ ದೇಶದಲ್ಲೂ ನೆರೆತನದ ಉದಾಹರಣೆ ಬೇಕಿದ್ದರೆ ಕೋಲ್ಕತ್ತದ ಜ್ಯೂಯಿಷ್ ಗರ್ಲ್ಸ್ ಸ್ಕೂಲ್ ನೋಡಬಹುದು. 1881ರಲ್ಲಿ ಯಹೂದಿ ಹೆಣ್ಣುಮಕ್ಕಳಿಗಾಗಿ ಶುರುವಾದ ಆ ಶಾಲೆಯಲ್ಲಿ ಇಂದು ಓದುವವರಲ್ಲಿ ಹೆಚ್ಚಿನವರು ಮುಸ್ಲಿಂ ಹುಡುಗಿಯರು.

ಉಪವಾಸದ ಹೋಲಿಕೆಯೂ ಮೇಲುಮೇಲಿನದು. ಯಹೂದಿಗಳ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ನಲ್ಲಿ ಹಿಂದಿನ ಸಂಜೆಯಿಂದ ಸುಮಾರು 25 ಗಂಟೆ ನೀರೂ ಇಲ್ಲ, ಮುಟ್ಟಾದವರೂ ಉಪವಾಸ ಇರುತ್ತಾರೆ. ರಂಜಾನ್ ರೋಜಾವನ್ನು ಮುಟ್ಟಿನ ದಿನಗಳಲ್ಲಿ ಹಿಡಿಯುವಂತೆಯೇ ಇಲ್ಲ, ಆಮೇಲೆ ಅಷ್ಟು ದಿನ ತುಂಬಿಕೊಡಬೇಕು. ಇದು ತಿಳಿಯದ ಯಹೂದಿ ಗೆಳತಿ “ಇವತ್ತೇಕೆ ರೋಜಾ ಇಲ್ಲ?” ಎಂದು ನಾಲ್ಕು ಜನರ ಎದುರು ಕೇಳಿಬಿಡುತ್ತಾಳೆ. ಹಾಗೆಯೇ ಯಹೂದಿ ವಿವಾಹಿತೆ ಮುಟ್ಟು ನಿಂತು ಏಳು ದಿನದ ಮೇಲೆ ರಾತ್ರಿ ಮಿಕ್ವೆಗೆ ಹೋಗುವುದನ್ನು ಗುಟ್ಟಾಗಿಡುವುದು ಮರ್ಯಾದೆ, “ನಿನ್ನೆ ರಾತ್ರಿ ಎಲ್ಲಿ ಹೋಗಿದ್ದೆ?” ಎಂಬ ಪ್ರಶ್ನೆ ಅವಳನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಈ ಎರಡು ಪ್ರಶ್ನೆಗಳನ್ನು ಎಂದೂ ಕೇಳಬಾರದು. ಉಗುರುಬಣ್ಣದ ಉಡುಗೊರೆಯಲ್ಲೂ ಇದೇ ವ್ಯತ್ಯಾಸ: ಯಹೂದಿ ಗೆಳತಿ ಮಿಕ್ವೆಗೆ ಮುಂಚೆ ಮಾತ್ರ ಅಳಿಸುತ್ತಾಳೆ, ಮುಸ್ಲಿಂ ಗೆಳತಿಗೆ ನೀರು ತಡೆಯುವ ಬಣ್ಣ ಇದ್ದರೆ ದಿನದ ಐದು ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯುವ ವುಜೂ ಕೂಡುವುದಿಲ್ಲ.

ತಲೆಯ ಮೇಲಿನ ಬಟ್ಟೆ

ಹಿಜಾಬ್ ಮೈನೆರೆದಾಗಿನಿಂದ, ಪರಪುರುಷರ ಎದುರು. ಯಹೂದಿ ಸಂಪ್ರದಾಯದಲ್ಲಿ ಕೂದಲು ಮುಚ್ಚುವುದು ಮದುವೆಯಾದ ಮೇಲೆ. ಮದುವೆಯಾಗದ ಯಹೂದಿ ಗೆಳತಿ ಬರಿತಲೆಯಲ್ಲಿದ್ದರೆ ಆಚಾರ ಸಡಿಲವೆಂದರ್ಥವಲ್ಲ. ಮದುವೆಯಾದವಳ ಮಿರುಗುವ ಉದ್ದ ಕೂದಲು ವಿಗ್ ಆಗಿರಬಹುದು. ಮುಸ್ಲಿಂ ಗೆಳತಿಗೆ ಇದು ವಿಚಿತ್ರ ಅನಿಸುವುದು ಸಹಜ, ಕೂದಲಿಗೆ ಕೂದಲು ಜೋಡಿಸುವುದನ್ನು ಪ್ರವಾದಿಯವರ ನುಡಿಗಳಾದ ಹದೀಸು ಒಪ್ಪುವುದಿಲ್ಲ. ಹೆಂಗಸರಷ್ಟೇ ಸೇರಿದ ಕೂಟದಲ್ಲಿ ಇವಳು ಹಿಜಾಬ್ ತೆಗೆದಿಟ್ಟು ಹಗುರಾಗುತ್ತಾಳೆ. ಅವಳು ಹೆಂಗಸರ ನಡುವೆಯೂ ತೆಗೆಯದಿರಬಹುದು, ಒತ್ತಾಯ ಬೇಡ.

ಈ ವಿಗ್ಗಿಗೂ ನಮ್ಮ ನೆಲಕ್ಕೂ ನಂಟಿದೆ. 2004ರಲ್ಲಿ ಜೆರುಸಲೇಮಿನ ಹಿರಿಯ ರಬ್ಬಿ (ಯಹೂದಿ ಧರ್ಮಗುರು) ಯೋಸೆಫ್ ಶಲೋಮ್ ಎಲ್ಯಾಶಿವ್ ಅವರು ತಿರುಪತಿಯಲ್ಲಿ ಮುಡಿಕೊಟ್ಟ ಕೂದಲಿನ ವಿಗ್ ಬಳಸಬಾರದೆಂದು ತೀರ್ಪಿತ್ತರು. ಅದು ಅನ್ಯದೇವರ ಪೂಜೆಗೆ ಸಂಬಂಧಿಸಿದ್ದು ಎಂಬುದು ಕಾರಣ. ಬ್ರೂಕ್ಲಿನ್‌ನ ಬೀದಿಗಳಲ್ಲಿ ಹೆಂಗಸರು ದುಬಾರಿ ವಿಗ್‌ಗಳನ್ನು ತಂದು ಬೆಂಕಿಗೆ ಹಾಕಿದರು.

ರಾಜಕೀಯ ಬಂದಾಗ

2010ರಲ್ಲಿ ನ್ಯೂಜೆರ್ಸಿಯ ಶೆರಿಲ್ ಓಲಿಟ್ಸ್ಕಿ ಮತ್ತು ಅತಿಯಾ ಅಫ್ತಾಬ್ ಎಂಬಿಬ್ಬರು ಸಿಸ್ಟರ್‌ಹುಡ್ ಆಫ್ ಸಲಾಮ್ ಶಾಲೋಮ್ ಎಂಬ ಸಂಘಟನೆ ಕಟ್ಟಿದರು. ಯಹೂದಿ ಮತ್ತು ಮುಸ್ಲಿಂ ಹೆಂಗಸರು ಸಮಸಂಖ್ಯೆಯಲ್ಲಿ, ಒಬ್ಬರ ಮನೆಯಲ್ಲೊಬ್ಬರು ಸೇರುವ ಸಣ್ಣ ಗುಂಪುಗಳು ಅವು. ಸಮಸಂಖ್ಯೆ ಮುಖ್ಯ. ಎಂಟು ಜನರ ನಡುವೆ ಒಬ್ಬಳೇ ಇದ್ದರೆ ಅವಳು ಗೆಳತಿಯಾಗಿ ಉಳಿಯುವುದಿಲ್ಲ, ಇಡೀ ಸಮುದಾಯದ ವಕೀಲೆಯಾಗಬೇಕಾಗುತ್ತದೆ. 2023ರ ಅಕ್ಟೋಬರ್ 7ರ ಹಮಾಸ್ ದಾಳಿ ಮತ್ತು ಗಾಜಾ ಯುದ್ಧದ ನಂತರ ಇಂಥ ಅನೇಕ ಸ್ನೇಹಗಳು ಬಿರುಕುಬಿಟ್ಟವು. ಒಬ್ಬಳ ಬಂಧುಗಳು ಇಸ್ರೇಲಿನಲ್ಲಿ, ಇನ್ನೊಬ್ಬಳ ಮನಸ್ಸು ಗಾಜಾದ ಮಕ್ಕಳ ಸಾವಿನಲ್ಲಿ. ಆ ಹೊತ್ತಿಗೆ “ನೀನೇಕೆ ಖಂಡಿಸಲಿಲ್ಲ?” ಎಂದು ಕೇಳಿದಲ್ಲಿ ಮಾತು ಮುರಿಯುತ್ತದೆ. “ನಿಮ್ಮವರು ಕ್ಷೇಮವೇ?” ಎಂದು ಮೊದಲು ಫೋನ್ ಮಾಡಿ ಕೇಳಬೇಕು, ವಾದವನ್ನು ಎದುರುಬದುರು ಕೂತು ಆಡಬೇಕು. ವಾಟ್ಸ್ಆ್ಯಪ್ ಸ್ಟೇಟಸ್ ನೋಡಿ ಗೆಳತಿಯ ಮನಸ್ಸನ್ನು ಅಳೆಯಬಾರದು.

ಮದುವೆಯ ಕಾಗದ

ಯಹೂದಿಗಳಲ್ಲಿ ಸಂಬಂಧ ಕುದುರಿಸುವ ಶದ್ಖನ್, ಮುಸ್ಲಿಮರಲ್ಲಿ ರಿಷ್ತೆ ತರುವ ಆಂಟಿ, ಇಬ್ಬರ ಕೈಯಲ್ಲೂ ಬಯೋಡೇಟಾ. ಗೆಳತಿಯರು ಈ ಬಗ್ಗೆ ನಕ್ಕು ಮಾತಾಡುತ್ತಾರೆ. ಆದರೆ ಒಬ್ಬರಿಂದೊಬ್ಬರು ನಿಜಕ್ಕೂ ಕಲಿಯಬೇಕಾದದ್ದು ಮದುವೆಯ ಕಾಗದದಲ್ಲಿದೆ.

ನಿಕಾಹ್‌ನಲ್ಲಿ ಮಹರ್ ಹೆಂಡತಿಯ ಹಕ್ಕು, ತಕ್ಷಣವೋ ಮುಂದೆಯೋ ಕೊಡಬೇಕಾದ ಹಣ. ಯಹೂದಿಗಳ ಮದುವೆಪತ್ರವಾದ ಕೆತುಬಾದಲ್ಲಿ ಬರೆದ ಮೊತ್ತ ವಿಚ್ಛೇದನವೋ ಗಂಡನ ಸಾವೋ ಆದಾಗ ಸಲ್ಲತಕ್ಕದ್ದು, ಇಂದು ಅದರ ಹಣದ ಮೌಲ್ಯ ಬಹುಮಟ್ಟಿಗೆ ಸಾಂಕೇತಿಕ. ಬಿಡುಗಡೆಯ ವಿಷಯದಲ್ಲಿ ಇಬ್ಬರ ಕಷ್ಟವೂ ಒಂದೇ ಕಡೆಯಿಂದ ಬರುತ್ತದೆ. ಗಂಡ “ಗೆಟ್” ಎಂಬ ವಿಚ್ಛೇದನಪತ್ರ ಕೊಡದೆ ಯಹೂದಿ ಹೆಣ್ಣಿಗೆ ಧರ್ಮದ ಪ್ರಕಾರ ಮರುಮದುವೆಯಿಲ್ಲ, ಕೋರ್ಟು ವಿಚ್ಛೇದನ ಕೊಟ್ಟಿದ್ದರೂ ಅವಳು ಕಟ್ಟಿಹಾಕಿದಂತೆಯೇ. ಮುಸ್ಲಿಂ ಹೆಣ್ಣು ಖುಲಾ, ಅಂದರೆ ತನ್ನ ಕಡೆಯಿಂದ ವಿಚ್ಛೇದನ, ಕೇಳಬಹುದು, ಆದರೆ ಗಂಡ ಸತಾಯಿಸಿದರೆ ಕಾಝಿಯ ಬಳಿಗೋ ಧಾರ್ಮಿಕ ಮಂಡಳಿಗೋ ಅಲೆಯಬೇಕು.

ಇಬ್ಬರಿಗೂ ಮುಂಚಿತ ಉಪಾಯ ಇದೆ. ಅಮೆರಿಕದ ಬೆತ್ ದಿನ್ ಆಫ್ ಅಮೆರಿಕಾ ಎಂಬ ರಬ್ಬಿಗಳ ನ್ಯಾಯಮಂಡಳಿಯ ವಿವಾಹಪೂರ್ವ ಕರಾರಿನಲ್ಲಿ, ದಂಪತಿ ಬೇರೆಯಾದ ಮೇಲೂ ಗಂಡ ಗೆಟ್ ಕೊಡದಿದ್ದರೆ ದಿನಕ್ಕೆ 150 ಡಾಲರ್ ಲೆಕ್ಕದಲ್ಲಿ ಜೀವನಾಂಶ ಕಟ್ಟಬೇಕು, ಬೆಲೆಯೇರಿಕೆಗೆ ತಕ್ಕಂತೆ ಅದು ಏರುತ್ತದೆ. ಮುಸ್ಲಿಂ ಹೆಣ್ಣು ನಿಕಾಹ್‌ನಾಮಾದಲ್ಲೇ ತಲಾಖ್-ಎ-ತಫ್ವೀಜ್ ಬರೆಸಿಕೊಳ್ಳಬಹುದು, ಅಂದರೆ ಗಂಡ ತನ್ನ ತಲಾಖ್ ಅಧಿಕಾರವನ್ನು ಅವಳಿಗೂ ವಹಿಸಿಕೊಡುವುದು. ಎರಡಕ್ಕೂ ಮದುವೆಗೆ ಮುಂಚೆಯೇ, ತಿಂಗಳುಗಟ್ಟಲೆ ಮುಂಚೆಯೇ ಮಾತಾಡಬೇಕು. ಮದುವೆಯ ದಿನ ಗಡಿಬಿಡಿಯಲ್ಲಿ ಹಾಕಿದ ಸಹಿ, ಓದಲು ಬಾರದ ಭಾಷೆಯ ಕಾಗದ, ಮೊತ್ತವೂ ಗಡುವೂ ಸ್ಪಷ್ಟವಿಲ್ಲದ ಸಾಲು, ಕೋರ್ಟಿನಲ್ಲಿ ಸೋಲುವುದು ಇಂಥವುಗಳಿಂದ.

1983ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ ಯಹೂದಿ ಹೆಂಡತಿಯೊಬ್ಬಳ ಪರವಾಗಿ, ಕೆತುಬಾದಲ್ಲಿ ಒಪ್ಪಿಕೊಂಡಂತೆ ಗಂಡ ರಬ್ಬಿಗಳ ಮಂಡಳಿಯೆದುರು ಹಾಜರಾಗಲೇಬೇಕು, ಕಾಗದ ಧಾರ್ಮಿಕ ವಿಧಿಯಲ್ಲಿ ಹುಟ್ಟಿದ್ದರೂ ಅದರಲ್ಲಿನ ಲೌಕಿಕ ಕರಾರು ಕರಾರೇ ಎಂದಿತು. ಎರಡು ವರ್ಷದ ನಂತರ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಮುಸ್ಲಿಂ ಹೆಂಡತಿಯೊಬ್ಬಳು ಮಹರ್ ಹಣಕ್ಕಾಗಿ ಕೋರ್ಟಿಗೆ ಹೋದಾಗ ನ್ಯಾಯಾಧೀಶರು ಆ ಯಹೂದಿ ಹೆಂಡತಿಯ ತೀರ್ಪನ್ನೇ ಆಧಾರವಾಗಿಟ್ಟುಕೊಂಡು ಅವಳಿಗೆ ಹಣ ಸಲ್ಲಬೇಕೆಂದರು.